ಒಂದು ಗ್ರಂಥಿ, ಎರಡು ಲಿಂಫೋಮ

ಕಳೆದ ಮಳೆಗಾಲದ ಒಂದು ದಿನ ಬೆಳಕಿನ ಚದರಿಕೆಯ ಪಾಠವನ್ನು ಮುಗಿಸಿ ನಾವು ತರಗತಿಯಿಂದ ಹೊರಗೆ ಬರುತ್ತಿದ್ದೆವು. ಕಡಬದ ಕಡೆಯಿಂದ ದಿನವೂ ಬಸ್ಸಿನಲ್ಲಿ ಪುತ್ತೂರಿಗೆ ಬರುವ ವಿದ್ಯಾರ್ಥಿಯೊಬ್ಬನು ಎರಡು ಕಾಗದಗಳನ್ನು ನಮ್ಮ ಮುಂದೆ ಹಿಡಿದನು. ಅವು ಅವನ ದೊಡ್ಡಪ್ಪನ ಕುತ್ತಿಗೆಯಲ್ಲಿ ಎದ್ದಿದ್ದ ಗಡ್ಡೆಯ ಪರೀಕ್ಷಾ ವರದಿಗಳು. ಸೂಜಿಯಿಂದ ಹೀರಿ ತೆಗೆದ ಕೋಶಗಳನ್ನು ನೋಡಿ ಬರೆದ ಮೊದಲನೆಯ ವರದಿಯಲ್ಲಿ ‘ನಾನ್-ಹಾಡ್‌ಕಿನ್ ಲಿಂಫೋಮ’ ಎಂದಿತ್ತು. ಗಡ್ಡೆಯನ್ನು ಇಡಿಯಾಗಿ ಕತ್ತರಿಸಿ ತೆಗೆದು ಪರೀಕ್ಷಿಸಿದ ಎರಡನೆಯ ವರದಿಯಲ್ಲಿ ಆ ಹೆಸರಿನ ಜೊತೆಗೆ ‘ಹಾಡ್‌ಕಿನ್ ಲಿಂಫೋಮ’ ಎಂಬ ಇನ್ನೊಂದು ಹೆಸರೂ ಇತ್ತು.

“ಸರ್, ಇವೆರಡರಲ್ಲಿ ಯಾವುದು ತಪ್ಪು?” ಎಂದು ಅವನು ಕೇಳಿದನು.

ಮನೆಯವರು ಆಗಲೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಒಬ್ಬ ಮನುಷ್ಯನಿಗೆ ಒಂದು ಕ್ಯಾನ್ಸರು ಬರುವುದೇ ಹೆಚ್ಚು. ಒಂದೇ ಗಡ್ಡೆಯಲ್ಲಿ ಎರಡು ಇರುವುದುಂಟೆ? ಪರೀಕ್ಷಾಲಯದಲ್ಲಿ ಯಾರದೋ ಸ್ಲೈಡು ಇನ್ನಾರದೋ ಸ್ಲೈಡಿನೊಡನೆ ಬೆರೆತುಹೋಗಿರಬೇಕು. ಆದುದರಿಂದ ಎರಡನೆಯ ಕಾಗದವನ್ನು ಬದಿಗಿಟ್ಟು, ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಬೇರೊಬ್ಬ ವೈದ್ಯರಲ್ಲಿಗೆ ಹೋಗುವುದೆಂದು ಅವರ ಆಲೋಚನೆ. ನಾವು ಭೌತಶಾಸ್ತ್ರದ ಅಧ್ಯಾಪಕರೇ ಹೊರತು ವೈದ್ಯರಲ್ಲ. ಆದರೂ ಒಂದು ಅಳತೆಯು ಇನ್ನೊಂದು ಅಳತೆಗೆ ಒಪ್ಪದಿದ್ದಾಗ ಒಂದನ್ನು ಬಚ್ಚಿಡಬಾರದೆಂಬ ಪಾಠವನ್ನು ಪ್ರಯೋಗಶಾಲೆಯಲ್ಲಿ ನಾವೇ ಹೇಳಿಕೊಡುವವರು. ಎರಡು ಕಾಗದಗಳನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಬೇಕೆಂದು ಹೇಳಿ ಅವನನ್ನು ಕಳುಹಿಸಿದೆವು. ಆಮೇಲೆ ನಮಗೇ ಕುತೂಹಲ ಹುಟ್ಟಿ ಓದಲು ತೊಡಗಿದೆವು. ಓದಿ ತಿಳಿದದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮೊದಲಿಗೇ ಹೇಳಿಬಿಡುವುದಾದರೆ, ಆ ಎರಡು ವರದಿಗಳಲ್ಲಿ ಯಾವುದೂ ತಪ್ಪಾಗಿರಬೇಕಿಲ್ಲ.

ಲಿಂಫೋಮ ಎಂದರೇನು?

ಅಡಿಕೆ ತೋಟವನ್ನು ಕಂಡವರಿಗೆ ನೀರು ಬಸಿದು ಹೋಗಲೆಂದು ಮರಗಳ ಸಾಲುಗಳ ನಡುವೆ ತೋಡಿರುವ ಕಣಿಗಳ ಪರಿಚಯವಿರುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು. ನಮ್ಮ ದೇಹದಲ್ಲಿಯೂ ಇಂಥದೇ ಒಂದು ಏರ್ಪಾಡಿದೆ. ಅತಿ ಸಣ್ಣ ರಕ್ತನಾಳಗಳಿಂದ ಒತ್ತಡದ ಕಾರಣವಾಗಿ ಸ್ವಲ್ಪ ದ್ರವವು ಹೊರಗೆ ಜಿನುಗಿ ಕೋಶಗಳ ನಡುವೆ ಸೇರುತ್ತದೆ. ಅದರಲ್ಲಿ ಬಹುಭಾಗ ರಕ್ತಕ್ಕೆ ನೇರವಾಗಿ ಹಿಂತಿರುಗುವುದಾದರೂ ದಿನಕ್ಕೆ ಎರಡು ಮೂರು ಲೀಟರಿನಷ್ಟು ದ್ರವವು ಬೇರೆಯೇ ನಾಳಗಳ ಜಾಲವೊಂದರಲ್ಲಿ ಹರಿದು, ಕೊನೆಗೆ ಕುತ್ತಿಗೆಯ ಬುಡದಲ್ಲಿ ರಕ್ತವನ್ನು ಸೇರುತ್ತದೆ. ಈ ದ್ರವಕ್ಕೆ ದುಗ್ಧರಸವೆಂದು ಹೆಸರು. ಅದು ಹರಿಯುವ ದಾರಿಯಲ್ಲಿ, ಕಂಕುಳು, ಕುತ್ತಿಗೆ, ತೊಡೆಸಂದು, ಹೊಟ್ಟೆ, ಎದೆ ಇವುಗಳಲ್ಲೆಲ್ಲ ಹುರುಳಿ ಬೀಜದ ಆಕಾರದ ಸಣ್ಣ ಸಣ್ಣ ಗ್ರಂಥಿಗಳಿವೆ. ದೇಹದಲ್ಲಿ ಒಟ್ಟು ಐದಾರುನೂರು. ನಮ್ಮ ಊರುಗಳ ತೋಡುಗಳಿಗೆ ಬೇಸಿಗೆಯ ಮೊದಲು ಹಾಕುವ ಕಟ್ಟದಲ್ಲಿ ಕಸಕಡ್ಡಿ ತಡೆದು ನಿಲ್ಲುವಂತೆ, ರೋಗಾಣುಗಳು ಈ ಗ್ರಂಥಿಗಳಲ್ಲಿ ತಡೆದು ನಿಲ್ಲುತ್ತವೆ. ಕಟ್ಟಕ್ಕೂ ಗ್ರಂಥಿಗೂ ಒಂದು ದೊಡ್ಡ ವ್ಯತ್ಯಾಸವೆಂದರೆ, ಗ್ರಂಥಿಯಲ್ಲಿ ಕಾವಲುಗಾರರಿದ್ದಾರೆ.

ಈ ಕಾವಲುಗಾರರೇ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು. ಇವುಗಳಲ್ಲಿ ಮುಖ್ಯವಾದುವು ಎರಡು ಪಂಗಡ: ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು, ಮತ್ತು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ, ಉಳಿದ ಕಾವಲುಗಾರರಿಗೆ ಆಜ್ಞೆ ಕೊಡುವ ಟಿ ಕೋಶಗಳು. ಇವುಗಳಲ್ಲಿ ಒಂದು ಕೋಶವು ಹತೋಟಿ ತಪ್ಪಿ ತನ್ನ ಸಂತತಿಯನ್ನು ಮಿತಿಯಿಲ್ಲದೆ ಬೆಳೆಸುತ್ತ ಹೋದರೆ ಆಗುವ ರೋಗವೇ ಲಿಂಫೋಮ.

1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್‌ಕಿನ್ ಎಂಬಾತನು ಗ್ರಂಥಿಗಳು ಊದಿಕೊಂಡು ಸತ್ತ ಕೆಲವರ ದೇಹಗಳನ್ನು ಪರೀಕ್ಷಿಸಿ ಈ ರೋಗವನ್ನು ವರ್ಣಿಸಿದನು. ಆತನ ಹೆಸರಿನ ರೋಗದ ಗುರುತಾದ, ಗೂಬೆಯ ಕಣ್ಣುಗಳಂತೆ ಎರಡು ಕೇಂದ್ರಗಳಿರುವ ದೊಡ್ಡ ಕೋಶವನ್ನು 1898ರಲ್ಲಿ ಕಾರ್ಲ್ ಸ್ಟೆರ್ನ್‌ಬೆರ್ಗನೂ 1902ರಲ್ಲಿ ಡೊರೊತಿ ರೀಡ್ ಎಂಬ ಮಹಿಳೆಯೂ ವಿವರಿಸಿದರು. ಆ ಕೋಶವಿಲ್ಲದ ಉಳಿದೆಲ್ಲ ಲಿಂಫೋಮಗಳಿಗೂ ಸೇರಿಸಿ ‘ಹಾಡ್‌ಕಿನ್ ಅಲ್ಲದ್ದು’ ಎಂದು ಹೆಸರಿಟ್ಟರು. ಸಸ್ಯಗಳನ್ನು ಅಡಿಕೆ, ಅಡಿಕೆಯಲ್ಲದ್ದು ಎಂದು ವಿಂಗಡಿಸಿದಂತಾಯಿತು ಇದು! ಈ ಎರಡನೆಯ ಗುಂಪಿನಲ್ಲಿ ಇಂದು ಹತ್ತಾರು ಬಗೆಗಳನ್ನು ಗುರುತಿಸಿದ್ದಾರೆ. ಕೆಲವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಕೆಲವು ವಾರಗಳಲ್ಲಿ ಪ್ರಾಣಕ್ಕೆ ಎರವಾಗುತ್ತವೆ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಆದುದರಿಂದ ಹೆಸರು ಸರಿಯಾಗಿರುವುದು ರೋಗಿಯ ಪಾಲಿಗೆ ಕೇವಲ ಹೆಸರಿನ ಮಾತಲ್ಲ.

ಒಂದೇ ಗ್ರಂಥಿಯಲ್ಲಿ ಅಥವಾ ಒಂದೇ ಅಂಗದಲ್ಲಿ ಎರಡು ಬೇರೆ ಬೇರೆ ಲಿಂಫೋಮಗಳು ಜೊತೆಯಾಗಿರುವುದಕ್ಕೆ ‘ಕಾಂಪೋಸಿಟ್ ಲಿಂಫೋಮ’ ಎಂಬ ಹೆಸರನ್ನು 1954ರಲ್ಲಿ ಅಮೆರಿಕದ ಕಸ್ಟರ್ ಎಂಬ ರೋಗಶಾಸ್ತ್ರಜ್ಞನು ಕೊಟ್ಟನು. ನಾವು ಇದನ್ನು ‘ಜೋಡಿ ಲಿಂಫೋಮ’ ಎನ್ನೋಣ. ಎರಡೂ ಬೇರೆ ಬೇರೆ ಅಂಗಗಳಲ್ಲಿ, ಉದಾಹರಣೆಗೆ ಒಂದು ಕುತ್ತಿಗೆಯಲ್ಲಿ, ಇನ್ನೊಂದು ಎಲುಬಿನ ಮಜ್ಜೆಯಲ್ಲಿ ಇದ್ದರೆ ಅದಕ್ಕೆ ಬೇರೊಂದು ಹೆಸರನ್ನು ಕೊಡುವರು. ಪ್ರಕಟವಾದ ವರದಿಗಳ ಪ್ರಕಾರ ಜೋಡಿ ಲಿಂಫೋಮಗಳ ಪ್ರಮಾಣ ಎಲ್ಲ ಲಿಂಫೋಮಗಳಲ್ಲಿ ಶೇಕಡ 1ರಿಂದ 4.7ರವರೆಗೆ.

ಆಕಸ್ಮಿಕವೆ?

ಶೇಕಡ ಒಂದು ಎಂಬುದು ಕಡಿಮೆಯೆಂದು ತೋರಬಹುದು. ನಿಜವಾಗಿ ಅದು ಆಶ್ಚರ್ಯಪಡುವಷ್ಟು ಹೆಚ್ಚು! ಇದನ್ನು ತಿಳಿಯಲು ವೈದ್ಯಶಾಸ್ತ್ರ ಬೇಕಾಗಿಲ್ಲ. ಹೈಸ್ಕೂಲಿನ ಗಣಿತ ಸಾಕು.

ನಾನ್-ಹಾಡ್‌ಕಿನ್ ಲಿಂಫೋಮವು ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೆ ಮೂವರಲ್ಲಿಯೂ, ಹಾಡ್‌ಕಿನ್ ಲಿಂಫೋಮವು ಲಕ್ಷಕ್ಕೆ ಒಬ್ಬರಲ್ಲಿಯೂ ಹೊಸದಾಗಿ ಕಾಣಿಸಿಕೊಳ್ಳುತ್ತದೆಂದು ಹಿಡಿಯಿರಿ. ಲೆಕ್ಕದ ಅನುಕೂಲಕ್ಕಾಗಿ ದುಂಡಾಗಿಸಿದ ಸಂಖ್ಯೆಗಳಿವು. ಆದರೆ ನಿಜಕ್ಕೆ ದೂರವಲ್ಲ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಒಬ್ಬ ಮನುಷ್ಯನಿಗೆ ಒಂದೇ ವರ್ಷದಲ್ಲಿ ಎರಡೂ ಬರುವ ಸಂಭವವನ್ನು ತಿಳಿಯಲು ಎರಡು ಸಂಖ್ಯೆಗಳನ್ನು ಗುಣಿಸಬೇಕು. ಲಕ್ಷದಲ್ಲಿ ಮೂರನ್ನು ಲಕ್ಷದಲ್ಲಿ ಒಂದರಿಂದ ಗುಣಿಸಿದರೆ ಸಾವಿರ ಕೋಟಿಯಲ್ಲಿ ಮೂರು ಪಾಲು. ದೇಶದ ಜನಸಂಖ್ಯೆ 140 ಕೋಟಿ ಎಂದಿಟ್ಟುಕೊಂಡರೆ ವರ್ಷಕ್ಕೆ 0.42 ಮಂದಿ, ಅಂದರೆ ಇಡೀ ಭಾರತದಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ಒಬ್ಬನಿಗೆ! ಅದೂ ಎರಡು ರೋಗಗಳು ಒಂದೇ ಗ್ರಂಥಿಯಲ್ಲಿ ಇರಬೇಕೆಂಬ ಷರತ್ತನ್ನು ನಾವಿನ್ನೂ ಹಾಕಿಯೇ ಇಲ್ಲ. ಆದರೆ ಜಗತ್ತಿನ ರೋಗಶಾಸ್ತ್ರಜ್ಞರು ಇಂಥ ಗ್ರಂಥಿಗಳನ್ನು ಮತ್ತೆ ಮತ್ತೆ ಕಾಣುತ್ತಲೇ ಇದ್ದಾರೆ.

ಲೆಕ್ಕ ಸರಿಯಾಗಿದ್ದು ಉತ್ತರ ಮಾತ್ರ ಪ್ರಪಂಚಕ್ಕೆ ಒಪ್ಪದಿದ್ದರೆ ಲೆಕ್ಕಕ್ಕೆ ಮೊದಲು ಹಿಡಿದ ಊಹೆಯನ್ನು ಶಂಕಿಸಬೇಕು. ಇಲ್ಲಿ ನಾವು ಹಿಡಿದ ಊಹೆ ಯಾವುದು? ಎರಡು ರೋಗಗಳಿಗೂ ಸಂಬಂಧವಿಲ್ಲವೆಂಬುದು.

ಬುಡವನ್ನು ಅಗೆದು ನೋಡುವುದು

ಪುತ್ತೂರಿನ ಗೇರು ಸಂಶೋಧನ ನಿರ್ದೇಶನಾಲಯದ ಸುತ್ತಮುತ್ತ ಬೆಳೆದವರಿಗೆ ಕಸಿ ಗೇರು ಹೊಸದಲ್ಲ. ಗುಡ್ಡದ ಮೇಲೆ ಗೇರುಮರವೊಂದರ ಒಂದು ಮಗ್ಗುಲಿನಲ್ಲಿ ಹಳದಿ ಹಣ್ಣುಗಳೂ ಇನ್ನೊಂದು ಮಗ್ಗುಲಿನಲ್ಲಿ ಕೆಂಪು ಹಣ್ಣುಗಳೂ ತೂಗುತ್ತಿವೆಯೆಂದು ಭಾವಿಸಿರಿ. ದೂರದಿಂದ ನೋಡಿದರೆ ಒಂದೇ ಮರ. ಒಂದೇ ಗುಂಡಿಯಲ್ಲಿ ಎರಡು ಗಿಡಗಳು ಎದ್ದು ರೆಂಬೆಗಳು ಹೆಣೆದುಕೊಂಡಿರಬಹುದು. ಇಲ್ಲವೆ ಒಂದೇ ಬುಡದಿಂದ ಎದ್ದ ಎರಡು ಕೊಂಬೆಗಳಲ್ಲಿ ಒಂದು ಮಾರ್ಪಟ್ಟಿರಬಹುದು. ಹಣ್ಣನ್ನು ಎಷ್ಟು ನೋಡಿದರೂ ಇದು ತೀರ್ಮಾನವಾಗದು. ತರಗೆಲೆಗಳನ್ನು ಸರಿಸಿ ಬುಡವನ್ನು ಅಗೆಯಬೇಕು.

ಲಿಂಫೋಮದ ಬುಡವನ್ನು ಅಗೆಯುವುದು ಹೇಗೆ? ಇದಕ್ಕೆ ಪ್ರಕೃತಿಯೇ ಒಂದು ಗುರುತನ್ನು ಇಟ್ಟಿದೆ. ದೇಹದ ಹೆಚ್ಚಿನ ಕೋಶಗಳಲ್ಲಿ ಪಿತ್ರಾರ್ಜಿತವಾದ ಡಿಎನ್‌ಎ ಬರಹವು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಬಿ ಕೋಶವಾದರೋ ಹುಟ್ಟುವಾಗ ತನ್ನ ಬರಹದ ಒಂದು ಭಾಗವನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಪ್ರತಿಕಾಯದ ದೊಡ್ಡ ಸರಪಳಿಯನ್ನು ತಯಾರಿಸುವ ಜೀನಿನಲ್ಲಿ ಮೂರು ಬಗೆಯ ತುಂಡುಗಳಿವೆ. ಮೊದಲನೆಯ ಬಗೆಯಲ್ಲಿ ಸುಮಾರು 40, ಎರಡನೆಯದರಲ್ಲಿ ಸುಮಾರು 23, ಮೂರನೆಯದರಲ್ಲಿ 6. ಪ್ರತಿಯೊಂದು ಬಗೆಯಿಂದಲೂ ಒಂದೊಂದು ತುಂಡನ್ನು ಆರಿಸಿ ಜೋಡಿಸಿದರೆ 5,520 ಬೇರೆ ಬೇರೆ ಜೋಡಣೆಗಳಾಗುತ್ತವೆ. ಸಣ್ಣ ಸರಪಳಿಗೆ ಇದೇ ರೀತಿಯಲ್ಲಿ ಸುಮಾರು 320. ಎರಡನ್ನೂ ಗುಣಿಸಿದರೆ ಹದಿನೇಳು ಲಕ್ಷಕ್ಕೂ ಮಿಕ್ಕುತ್ತದೆ. ಇದಲ್ಲದೆ ತುಂಡುಗಳು ಸೇರುವ ಸಂದಿನಲ್ಲಿ ಕೋಶವು ಮನಬಂದಂತೆ ಕೆಲವು ಅಕ್ಷರಗಳನ್ನು ಸೇರಿಸುತ್ತದೆ, ಕೆಲವನ್ನು ಕಿತ್ತುಹಾಕುತ್ತದೆ. ಹೀಗೆ ಒಟ್ಟು ಸಾಧ್ಯತೆಗಳ ಸಂಖ್ಯೆ ಎಷ್ಟೋ ಸಾವಿರ ಕೋಟಿಗಳನ್ನು ಮೀರುತ್ತದೆ. ಡಿಎನ್‌ಎಯ ಈ ಕತ್ತರಿಸಿ ಜೋಡಿಸುವ ಕೆಲಸವನ್ನು ತೋರಿಸಿಕೊಟ್ಟ ಜಪಾನಿನ ಸುಸುಮು ತೊನೆಗಾವನಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಒಮ್ಮೆ ಜೋಡಿಸಿದ ಬರಹವು ಆ ಕೋಶದ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಗೆಯೇ ಹೋಗುತ್ತದೆ. ಹೀಗಿರುವಲ್ಲಿ ಒಂದು ಗ್ರಂಥಿಯ ಎರಡು ಲಿಂಫೋಮಗಳಲ್ಲಿಯೂ ಒಂದೇ ಜೋಡಣೆ, ಸಂದಿನ ಅಕ್ಷರಗಳೂ ಸೇರಿದಂತೆ, ಕಂಡುಬಂದರೆ ಏನೆನ್ನಬೇಕು? ಅದು ಆಕಸ್ಮಿಕವಾಗಿ ಹೊಂದಿಕೊಂಡಿತೆಂದು ವಾದಿಸುವವನು ಲಾಟರಿಯ ಮೊದಲನೆಯ ಬಹುಮಾನವನ್ನು ಎರಡು ಸಲ ಗೆದ್ದವನಿಗಿಂತಲೂ ಧೈರ್ಯಶಾಲಿಯಾಗಿರಬೇಕು. ಎರಡೂ ಒಂದೇ ಕೋಶದ ಸಂತತಿ ಎಂಬುದೇ ಅದರ ಅರ್ಥ.

ಹಾಡ್‌ಕಿನ್ ರೋಗದಲ್ಲಿ ಈ ಪರೀಕ್ಷೆ ಬಹುಕಾಲ ಅಸಾಧ್ಯವಾಗಿತ್ತು. ಆ ಗೂಬೆಗಣ್ಣಿನ ಕೋಶಗಳು ಗಡ್ಡೆಯಲ್ಲಿ ನೂರಕ್ಕೆ ಒಂದರಂತೆ ಮಾತ್ರ ಇರುವುವು. ಉಳಿದುವೆಲ್ಲ ಸುತ್ತ ನೆರೆದ ಸಾಧಾರಣ ಕೋಶಗಳು. 1994ರಲ್ಲಿ ಜರ್ಮನಿಯ ರಾಲ್ಫ್ ಕ್ಯೂಪ್ಪರ್ಸ್, ಕ್ಲಾಸ್ ರಯೆವ್ಸ್ಕಿ, ಹಾನ್ಸ್‌ಮಾನ್ ಮೊದಲಾದವರು ಸೂಕ್ಷ್ಮದರ್ಶಕದ ಕೆಳಗೆ ಅವುಗಳನ್ನು ಒಂದೊಂದಾಗಿ ಎತ್ತಿ ತೆಗೆದು ಅವುಗಳ ಬರಹವನ್ನು ಓದಿದರು. ಯಾವ ವಂಶದವೆಂದು ಅಲ್ಲಿಯವರೆಗೆ ತಿಳಿಯದಿದ್ದ ಆ ಕೋಶಗಳು ಬಿ ಕೋಶದ ಸಂತತಿಯೆಂದು ಆಗ ಗೊತ್ತಾಯಿತು. ಇದೇ ತಂಡದವರು 1999ರಲ್ಲಿ, ಹಾಡ್‌ಕಿನ್ ಮತ್ತು ನಾನ್-ಹಾಡ್‌ಕಿನ್ ಎರಡೂ ಇದ್ದ ಇಬ್ಬರು ರೋಗಿಗಳ ಕೋಶಗಳನ್ನು ಹೀಗೆಯೇ ಪರೀಕ್ಷಿಸಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇಬ್ಬರಲ್ಲಿಯೂ ಎರಡು ಲಿಂಫೋಮಗಳ ಜೋಡಣೆ ಒಂದೇ ಆಗಿತ್ತು.

ಆದರೆ ಅವರಿಗೆ ದೊರೆತದ್ದು ಅಷ್ಟೇ ಅಲ್ಲ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವ ನಮ್ಮ ಪಂಡಿತರು ಪ್ರತಿಗಳ ವಂಶವನ್ನು ಹೇಗೆ ಗುರುತಿಸುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಎರಡಕ್ಕೂ ಆ ತಪ್ಪಿದ್ದ ಒಂದೇ ಮಾತೃಕೆಯಿತ್ತೆಂದು ತಿಳಿಯುವರು. ಒಂದರಲ್ಲಿ ಮಾತ್ರ ಇರುವ ತಪ್ಪು ಕವಲೊಡೆದ ಮೇಲೆ ಬಂದದ್ದು. ಬಿ ಕೋಶಗಳೂ ಗ್ರಂಥಿಯೊಳಗಿನ ‘ಅಂಕುರಕೇಂದ್ರ’ವೆಂಬ ಸ್ಥಳದಲ್ಲಿ ಪ್ರತಿಕಾಯವನ್ನು ಮತ್ತಷ್ಟು ಚೂಪುಗೊಳಿಸುವುದಕ್ಕಾಗಿ ತಮ್ಮ ಬರಹದಲ್ಲಿ ಬೇಕೆಂದೇ ಅಕ್ಷರದೋಷಗಳನ್ನು ಮಾಡಿಕೊಳ್ಳುತ್ತವೆ. ಆ ಇಬ್ಬರು ರೋಗಿಗಳ ಎರಡು ಲಿಂಫೋಮಗಳಲ್ಲಿ ಕೆಲವು ದೋಷಗಳು ಸಮಾನವಾಗಿದ್ದುವು; ಕೆಲವು ಒಂದರಲ್ಲಿ ಮಾತ್ರ, ಕೆಲವು ಇನ್ನೊಂದರಲ್ಲಿ ಮಾತ್ರ. ಹಾಗಾದರೆ ಮೊದಲನೆಯ ರೋಗವೇ ಎರಡನೆಯದಾಗಿ ಮಾರ್ಪಟ್ಟದ್ದಲ್ಲ; ಎರಡಕ್ಕೂ ಅಂಕುರಕೇಂದ್ರದಲ್ಲಿದ್ದ ಒಬ್ಬ ಮೂಲಪುರುಷ; ಅಲ್ಲಿಂದ ಕವಲೊಡೆದು ಎರಡು ದಾರಿ. ಒಂದೇ ಬುಡದ ಎರಡು ಕೊಂಬೆಗಳು!

ಎಲ್ಲ ಜೋಡಿಗಳೂ ಹೀಗೆಯೇ ಇರುವುದಿಲ್ಲ. ಬುಡವನ್ನು ಅಗೆದಾಗ ಎರಡು ಬೇರೆ ಗಿಡಗಳೇ ಸಿಕ್ಕ ಉದಾಹರಣೆಗಳೂ ಸಾಕಷ್ಟಿವೆ. ಬಿ ಕೋಶದ ಲಿಂಫೋಮವೊಂದು ಟಿ ಕೋಶದ ಲಿಂಫೋಮದ ಜೊತೆಗಿರುವುದುಂಟು. ಅಂಥ ಕಡೆಯಲ್ಲಿ ಮಣ್ಣೇ ಕೆಟ್ಟಿರುತ್ತದೆ ಎನ್ನಬಹುದು. 1964ರಲ್ಲಿ ಎಪ್‌ಸ್ಟೈನ್, ಅಚೊಂಗ್, ಬಾರ್ ಇವರು ಕಂಡುಹಿಡಿದ ಎಪ್‌ಸ್ಟೈನ್-ಬಾರ್ ವೈರಸ್ಸು ನಮ್ಮಲ್ಲಿ ಹೆಚ್ಚಿನವರ ಬಿ ಕೋಶಗಳಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಟಿ ಕೋಶಗಳು ಅದನ್ನು ಏಳಗೊಡುವುದಿಲ್ಲ. ಟಿ ಕೋಶಗಳಿಗೇ ರೋಗ ಬಂದಾಗ ಕಾವಲು ತಪ್ಪಿ, ವೈರಸ್ಸು ಇರುವ ಬಿ ಕೋಶಗಳು ಬೆಳೆಯತೊಡಗಿ ಎರಡನೆಯ ಲಿಂಫೋಮವಾಗಬಹುದು.

ಮೂರನೆಯದು, ಕಾಲಕ್ರಮದಲ್ಲಿ ಮಾರ್ಪಡುವ ಬಗೆ. ನಿಧಾನವಾದ ಫಾಲಿಕ್ಯುಲರ್ ಲಿಂಫೋಮವಿರುವ ರೋಗಿಗಳಲ್ಲಿ ವರ್ಷಕ್ಕೆ ನೂರರಲ್ಲಿ ಇಬ್ಬರು ಮೂವರಿಗೆ ಅದು ತೀವ್ರವಾದ ದೊಡ್ಡಕೋಶದ ಲಿಂಫೋಮವಾಗುತ್ತದೆ. ಮಾರ್ಪಾಡು ನಡೆಯುತ್ತಿರುವಾಗಲೇ ಗ್ರಂಥಿಯನ್ನು ತೆಗೆದರೆ ಎರಡೂ ಜೊತೆಯಲ್ಲಿ ಕಾಣುವುವು. 1928ರಲ್ಲಿ ನ್ಯೂಯಾರ್ಕಿನ ಮಾರಿಸ್ ರಿಕ್ಟರ್ ಎಂಬಾತನು ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೀಮಿಯ ರೋಗದಲ್ಲಿ ಇಂಥದೇ ತೀವ್ರವಾದ ಗಡ್ಡೆಯನ್ನು ವರ್ಣಿಸಿದನು. ಇಲ್ಲಿ ಬುಡವನ್ನು ಅಗೆಯುವುದು ಬರಿಯ ಪಾಂಡಿತ್ಯವಲ್ಲ. ಹೊಸ ಗಡ್ಡೆಯು ಹಳೆಯ ರೋಗದ ಕವಲಾಗಿದ್ದರೆ ಚಿಕಿತ್ಸೆಗೆ ಬಗ್ಗುವುದು ಕಷ್ಟ. ಸಂಬಂಧವಿಲ್ಲದ ಹೊಸ ಲಿಂಫೋಮವಾಗಿದ್ದರೆ ರೋಗಿಯು ಹೆಚ್ಚು ಕಾಲ ಬದುಕುವ ಆಸೆಯಿರುತ್ತದೆ.

ಸೂಜಿಗೆ ಸಿಗದ ಎರಡನೆಯದು

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮೊದಲನೆಯ ವರದಿಯಲ್ಲಿ ಒಂದೇ ಹೆಸರು ಏಕಿತ್ತು?

ಪುತ್ತೂರಿನ ಅಡಿಕೆ ಅಂಗಡಿಯಲ್ಲಿ ಗೋಣಿಯ ಬಾಯಿಯಿಂದ ಒಂದು ಮುಷ್ಟಿ ತೆಗೆದು ನೋಡಿ ಬೆಲೆ ಹೇಳಿದರೆ ಬೆಳೆಗಾರನು ಒಪ್ಪುವನೆ? ಮೇಲೆ ಒಳ್ಳೆಯ ಅಡಿಕೆಯಿದ್ದು ಮೂಲೆಯಲ್ಲಿ ಕೋಕವೋ ಪಟೋರವೋ ಇರಬಹುದು. ಎರಡನೆಯ ಲಿಂಫೋಮವು ಗ್ರಂಥಿಯ ಹತ್ತರಲ್ಲೊಂದು ಪಾಲನ್ನು ಮಾತ್ರ ಆಕ್ರಮಿಸಿದೆಯೆಂದೂ, ಸೂಜಿಯು ಎಲ್ಲಿ ಬೇಕಾದರೂ ಚುಚ್ಚಬಹುದೆಂದೂ ಹಿಡಿಯಿರಿ. ಒಂದು ಸಲ ಚುಚ್ಚಿದರೆ ಅದು ತಪ್ಪಿಹೋಗುವ ಸಂಭವ 0.9. ಮೂರು ಸಲ ಬೇರೆ ಬೇರೆ ಕಡೆ ಚುಚ್ಚಿದರೂ 0.9ರ ಘನ, ಅಂದರೆ ಸುಮಾರು 0.73. ನೂರರಲ್ಲಿ ಎಪ್ಪತ್ತಮೂರು ಸಲ ಎರಡನೆಯದು ಸಿಗುವುದೇ ಇಲ್ಲ! ಹಾಡ್‌ಕಿನ್ ಕೋಶಗಳು ಅಪರೂಪವೆಂಬುದನ್ನು ಲೆಕ್ಕಕ್ಕೆ ಸೇರಿಸಿದರೆ ಸಂಭವ ಇನ್ನೂ ಹೆಚ್ಚು.

ಸೂಜಿಗೆ ಇನ್ನೊಂದು ಮಿತಿಯಿದೆ. ಅದು ಬಿಡಿ ಕೋಶಗಳನ್ನು ಹೀರುತ್ತದೆಯೇ ಹೊರತು ಅವು ಹೇಗೆ ಸಾಲುಗೂಡಿದ್ದುವೆಂಬುದನ್ನು ಉಳಿಸುವುದಿಲ್ಲ. ಲಿಂಫೋಮದ ಬಗೆಗಳಲ್ಲಿ ಎಷ್ಟೋ ಈ ವಿನ್ಯಾಸದಿಂದಲೇ ಗುರುತಾಗುವಂಥವು. ಆದುದರಿಂದಲೇ ಲಿಂಫೋಮದ ಸಂಶಯವಿರುವಲ್ಲಿ ಗ್ರಂಥಿಯೊಂದನ್ನು ಇಡಿಯಾಗಿ ತೆಗೆದು ನೋಡಲು ವೈದ್ಯರು ಬಯಸುವರು. ‘ಒಮ್ಮೆ ಪರೀಕ್ಷೆಯಾಗಿದೆಯಲ್ಲ, ಮತ್ತೆ ಕತ್ತರಿಸುವುದೇಕೆ, ಹಣಕ್ಕಾಗಿಯೆ?’ ಎಂದು ಮನೆಯವರು ಗೊಣಗುವುದನ್ನು ನಾವು ಕೇಳಿದ್ದೇವೆ. ಈ ಮೇಲಿನ ಲೆಕ್ಕವೇ ಅದಕ್ಕೆ ಉತ್ತರ.

ಇಡೀ ಗ್ರಂಥಿಯನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ನೋಡುವರು. ಆಮೇಲೆ ಪ್ರತಿಕಾಯಗಳನ್ನೇ ಗುರುತುಕಾರರನ್ನಾಗಿ ಬಳಸುವರು: ಒಂದು ಬಗೆಯ ಪ್ರತಿಕಾಯವು ಬಿ ಕೋಶದ ಮೇಲಿನ ಸಿಡಿ20 ಎಂಬ ಪ್ರೋಟೀನಿಗೆ, ಇನ್ನೊಂದು ಟಿ ಕೋಶದ ಸಿಡಿ3ಕ್ಕೆ, ಮತ್ತೆರಡು ಹಾಡ್‌ಕಿನ್ ಕೋಶಗಳ ಸಿಡಿ15 ಮತ್ತು ಸಿಡಿ30ಕ್ಕೆ ಅಂಟಿ, ಅಂಟಿದಲ್ಲಿ ಕಂದುಬಣ್ಣ ಮೂಡಿಸುತ್ತದೆ. ಬಿ ಕೋಶಗಳ ಆಯುಧದಿಂದಲೇ ಬಿ ಕೋಶಗಳ ರೋಗವನ್ನು ಹಿಡಿದಂತೆ. ಒಂದೇ ಪದರದಲ್ಲಿ ಒಂದು ಮಗ್ಗುಲು ಒಂದು ಬಣ್ಣಕ್ಕೂ ಇನ್ನೊಂದು ಮಗ್ಗುಲು ಮತ್ತೊಂದಕ್ಕೂ ಓಗೊಟ್ಟರೆ ಜೋಡಿಯ ಗುಟ್ಟು ಬಯಲಾಗುತ್ತದೆ.

ಭೌತಶಾಸ್ತ್ರಕ್ಕೂ ಇಲ್ಲಿ ಕೆಲಸವಿದೆ. ದೇಹದಲ್ಲಿ ಹಲವು ಕಡೆ ಗ್ರಂಥಿಗಳು ಊದಿಕೊಂಡಿದ್ದರೆ ಯಾವುದನ್ನು ತೆಗೆಯಬೇಕು? ಫ್ಲೂರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಸಕ್ಕರೆಯಂಥ ವಸ್ತುವಿಗೆ ಸೇರಿಸಿ ರಕ್ತನಾಳಕ್ಕೆ ಕೊಡುವರು. ವೇಗವಾಗಿ ಬೆಳೆಯುವ ಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ನುಂಗುತ್ತವೆ. ಫ್ಲೂರಿನ್ ಹೊರಬಿಟ್ಟ ಪಾಸಿಟ್ರಾನು ಎಲೆಕ್ಟ್ರಾನೊಂದನ್ನು ಸಂಧಿಸಿ ಎರಡೂ ಅಳಿದು, 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಹಾರುವುವು. ಸುತ್ತಲಿನ ಯಂತ್ರವು ಎರಡನ್ನೂ ಒಟ್ಟಿಗೆ ಹಿಡಿದು ಅವು ಹೊರಟ ಜಾಗವನ್ನು ಗುರುತಿಸುತ್ತದೆ. ಇದೇ ಪೆಟ್ ಸ್ಕ್ಯಾನ್. ಒಂದು ಗ್ರಂಥಿ ಉಳಿದುವುಗಳಿಗಿಂತ ಬಹಳ ಹೆಚ್ಚು ಬೆಳಗಿದರೆ ತೀವ್ರವಾದ ಲಿಂಫೋಮ ಅಲ್ಲಿ ಅಡಗಿರಬಹುದೆಂದು ಅದನ್ನೇ ತೆಗೆದು ನೋಡುವರು. ಫ್ಲೂರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಪುತ್ತೂರಿನಿಂದ ಹೊರಟ ಬಸ್ಸು ಏಳು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಬೆಂಗಳೂರನ್ನು ಮುಟ್ಟಿದರೆ ಅಷ್ಟರಲ್ಲಿ ಅದರ ಎಷ್ಟು ಪಾಲು ಉಳಿದಿರುತ್ತದೆಂಬುದನ್ನು ವಾಚಕರೇ ಲೆಕ್ಕ ಹಾಕಲಿ. ಔಷಧವನ್ನು ದಾಸ್ತಾನು ಮಾಡಿಡಲು ಏಕೆ ಬರುವುದಿಲ್ಲವೆಂಬುದೂ ಆಗ ತಿಳಿಯುವುದು.

ಎರಡಕ್ಕೂ ಮದ್ದು

ಜೋಡಿ ಲಿಂಫೋಮಕ್ಕೆಂದೇ ಸಿದ್ಧವಾದ ಚಿಕಿತ್ಸೆಯಿಲ್ಲ. ಇಂಥ ರೋಗಿಗಳು ವಿರಳವಾದುದರಿಂದ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದಿಲ್ಲ. ಸಾಮಾನ್ಯವಾಗಿ ಎರಡರಲ್ಲಿ ಹೆಚ್ಚು ತೀವ್ರವಾದುದನ್ನು ಮೊದಲು ಗುರಿಯಾಗಿಸಿ, ಸಾಧ್ಯವಾದರೆ ಇನ್ನೊಂದನ್ನೂ ತಾಗುವಂತೆ ಮದ್ದುಗಳನ್ನು ಆರಿಸುವರು. ಅದೃಷ್ಟಕ್ಕೆ ಎರಡು ರೋಗಗಳ ಮದ್ದುಗಳಲ್ಲಿಯೂ ನಂಟಿದೆ. ಹಾಡ್‌ಕಿನ್ ರೋಗಕ್ಕೆ ಕೊಡುವ ನಾಲ್ಕು ಮದ್ದುಗಳ ಕೂಟದಲ್ಲಿರುವ ಡಾಕ್ಸೊರುಬಿಸಿನ್, ನಾನ್-ಹಾಡ್‌ಕಿನ್ ರೋಗದ ಕೂಟದಲ್ಲಿಯೂ ಇದೆ. ಮೊದಲನೆಯದರಲ್ಲಿ ವಿನ್‌ಬ್ಲಾಸ್ಟಿನ್, ಎರಡನೆಯದರಲ್ಲಿ ವಿನ್‌ಕ್ರಿಸ್ಟಿನ್. ಎರಡೂ ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ ಬಂದುವು! ಸಿಡಿ20 ಇರುವ ಕೋಶಗಳನ್ನು ಹುಡುಕಿ ಅಂಟುವ ರಿಟುಕ್ಸಿಮ್ಯಾಬ್ 1997ರಲ್ಲಿ ಬಳಕೆಗೆ ಬಂದಿತು. ಆದರೆ ಅದು ಸಿಡಿ20 ಇಲ್ಲದ ಹಾಡ್‌ಕಿನ್ ಕೋಶಗಳನ್ನು ಮುಟ್ಟುವುದಿಲ್ಲ. ಆ ವಿದ್ಯಾರ್ಥಿಯ ಮನೆಯವರು ಒಂದು ಕಾಗದವನ್ನು ಬಚ್ಚಿಟ್ಟಿದ್ದರೆ ಆಗುತ್ತಿದ್ದ ನಷ್ಟ ಇಂಥದು.

ನಿತ್ಯಪುಷ್ಪದ ಹೆಸರೆತ್ತಿದ ಮೇಲೆ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಅದರ ಎಲೆಯನ್ನು ಅರೆದು ಕುಡಿಯುವುದು ಚಿಕಿತ್ಸೆಯಲ್ಲ. ಎಲೆಯಲ್ಲಿ ಆ ಮದ್ದಿನ ಅಂಶ ಅತ್ಯಲ್ಪ, ಜೊತೆಗಿರುವ ಇತರ ವಿಷಗಳೇ ಹೆಚ್ಚು.

ನಮ್ಮ ಈ ಭಾಗದಲ್ಲಿ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಕಡಬದ ಸುತ್ತಿನ ಹಳ್ಳಿಗಳೂ ಗಡಿಯಾಚೆಯ ಕಾಸರಗೋಡಿನ ಹಳ್ಳಿಗಳೂ ಗೇರುತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಬಾಧೆಯನ್ನು ಉಂಡವು. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟಗಳನ್ನು ತಡೆಯಿತು. ಹಾಗಾದರೆ ಈ ಲಿಂಫೋಮವೂ ಅದರಿಂದಲೇ ಬಂದಿತೆ ಎಂದು ವಿದ್ಯಾರ್ಥಿಯು ಕೇಳಿದ್ದನು. ಕೀಟನಾಶಕಗಳಲ್ಲಿ ಲಿಂಡೇನ್ ಎಂಬುದು ನಾನ್-ಹಾಡ್‌ಕಿನ್ ಲಿಂಫೋಮಕ್ಕೆ ಕಾರಣವಾಗಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2015ರಲ್ಲಿ ಘೋಷಿಸಿದೆ. ಆದರೆ ಒಬ್ಬ ರೋಗಿಯ ಗ್ರಂಥಿಯನ್ನು ನೋಡಿ ಇದು ಇಂಥ ವಿಷದಿಂದ ಬಂದಿತೆಂದು ಹೇಳಬಲ್ಲ ಪರೀಕ್ಷೆ ಇಲ್ಲ. ಗಡ್ಡೆಯ ಬರಹದಿಂದ ಅದರ ವಂಶವನ್ನು ಓದಬಹುದು. ಮೊದಲು ಹಾದಿ ತಪ್ಪಿಸಿದವರಾರು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಸಿಟ್ಟು ನ್ಯಾಯವಾದುದೇ ಇರಬಹುದು; ಆದರೂ ಸಾಕ್ಷಿಯಿಲ್ಲದೆ ಹೌದೆನ್ನಲು ನಾವು ಸಿದ್ಧರಿಲ್ಲ.

ಕುತ್ತಿಗೆಯಲ್ಲಿ ಗಡ್ಡೆ ಕಂಡವರೆಲ್ಲ ಹೆದರಬೇಕಾಗಿಯೂ ಇಲ್ಲ. ಹಲ್ಲು, ಗಂಟಲುಗಳ ಸೋಂಕಿನಿಂದ ಎದ್ದ ಗಡ್ಡೆ ಎರಡು ಮೂರು ವಾರಗಳಲ್ಲಿ ಇಳಿಯುವುದು. ನಮ್ಮ ದೇಶದಲ್ಲಿ ಕ್ಷಯರೋಗವೂ ಕುತ್ತಿಗೆಯ ಗ್ರಂಥಿಗಳನ್ನು ಊದಿಸುವುದು ಸಾಮಾನ್ಯ. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ನೋವಿಲ್ಲದೆ ಬೆಳೆಯುತ್ತಲೇ ಹೋಗುವ ಗಡ್ಡೆ, ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬಟ್ಟೆ ತೊಯ್ಯುವಂಥ ಬೆವರು, ಆರು ತಿಂಗಳಲ್ಲಿ ಮೈತೂಕದ ಹತ್ತನೆಯ ಒಂದು ಪಾಲು ಇಳಿಯುವುದು, ಇವಿದ್ದರೆ ತಡಮಾಡಬಾರದು. ಸುಳ್ಯದಲ್ಲಿಯೂ ಮಂಗಳೂರಿನಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ಕ್ಯಾನ್ಸರಿಗೆಂದೇ ನಡೆಯುತ್ತಿದೆ.

ಇನ್ನೊಂದು ಸಂಗತಿ ಬಹುಮಂದಿಗೆ ತಿಳಿಯದು. ಗ್ರಂಥಿಯನ್ನು ಹುದುಗಿಸಿದ ಮೇಣದ ಅಚ್ಚನ್ನು, ಬ್ಲಾಕ್ ಎನ್ನುವರು, ಪರೀಕ್ಷಾಲಯದಲ್ಲಿ ವರ್ಷಗಟ್ಟಲೆ ಕಾದಿಡುತ್ತಾರೆ. ಸಂಶಯವಿದ್ದರೆ ರೋಗಿಯ ಕಡೆಯವರು ಅದನ್ನೂ ಸ್ಲೈಡುಗಳನ್ನೂ ಕೇಳಿ ಪಡೆದು ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸಬಹುದು; ಮತ್ತೆ ಕತ್ತರಿಸಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಯು ಮಾಡಿದ್ದೂ ಅದನ್ನೇ. ಒಂದು ಶನಿವಾರ ಬ್ಲಾಕನ್ನು ಬುತ್ತಿಡಬ್ಬಿಯಲ್ಲಿಟ್ಟುಕೊಂಡು ರಾತ್ರಿಯ ಬಸ್ಸಿಗೆ ಹೋದನು. ಹತ್ತು ದಿನಗಳ ಮೇಲೆ ಮೂರನೆಯ ವರದಿ ಬಂದಿತು. ಅದರಲ್ಲಿಯೂ ಎರಡು ಹೆಸರುಗಳೇ ಇದ್ದುವು. ದೊಡ್ಡಪ್ಪನವರಿಗೆ ಚಿಕಿತ್ಸೆ ಆ ವಾರವೇ ಆರಂಭವಾಯಿತು.